ಗೋದಾಮಿನ ಡಿಜಿಟಲ್ ಮೂಟೆಗಳು

ದೊಡ್ಡ ದೊಡ್ಡ ಕಂಪನಿಗಳು ತಮ್ಮ ವಾರ್ಷಿಕ ವರದಿಯಲ್ಲಿ ಕಂಪ್ಯೂಟರಿನ ಬಗ್ಗೆ ಬರೆಯುವುದನ್ನು ನೀವು ಯಾವತ್ತಾದರೂ ಓದಿದ್ದೀರಾ? ನಾನು ಓದಿ ಕೆಟ್ಟೆ. ಕಂಪ್ಯೂಟರ್ ಕೊಂಡೆವು ಅಂತ ಅಲ್ಲಿ ಯಾರೂ ನೆಟ್ಟಗೆ ಹೇಳುವುದಿಲ್ಲ. 'ಡಿಜಿಟಲ್ ಪಯಣದಲ್ಲಿ ಮಹತ್ವದ ಹೆಜ್ಜೆಯಿಟ್ಟೆವು' ಅನ್ನುತ್ತಾರೆ. ಅದನ್ನು ಓದಿದ ಅಮಲಿನಲ್ಲಿ, ಮನೆಯ ಮಿಕ್ಸಿ ಕೆಟ್ಟ ದಿನ ನಾನು ಗಂಡನಿಗೆ "ಚಟ್ನಿ ವಿಭಾಗದಲ್ಲಿ ತಾಂತ್ರಿಕ ಅಡಚಣೆ ಉಂಟಾಗಿದೆ" ಅಂದೆ. "ಉಪ್ಪಿನಕಾಯಿ ಇದ್ರೆ ಇಕ್ಕು" ಅಂದರು. ಮಾತಿನ ಬೆಲೆ ಅವರಿಗೆಲ್ಲಿ ಗೊತ್ತು!

ರಾವಂದೂರಿನ ಹತ್ತಿರ ಒಂದು ಸಣ್ಣ ರೈತರ ಕಂಪನಿ, ಅದರ ಆಫೀಸಿನಲ್ಲಿ ನನಗೆ ಕೆಲಸ. ಬೀಗ ತೆಗೆಯುವುದು, ಕಸ ಹೊಡೆಯುವುದು, ವರದಿ ಬರೆಯುವುದು ಎಲ್ಲವೂ ನಾನೇ. ಷೇರುದಾರರೆಲ್ಲ ಸುತ್ತಲಿನ ರೈತರು. ಮನೆಯಲ್ಲಿ ಇಲಿ ಕಾಟವೆಂದು ಬಿತ್ತನೆ ರಾಗಿಯನ್ನು ನಮ್ಮ ಗೋದಾಮಿನಲ್ಲಿ ತಂದಿಡುತ್ತಾರೆ. ಯಾರ ಮೂಟೆ ಯಾವುದೆಂದು ತಿಳಿಯಲು ಆಯಾ ಮನೆಯ ಹೆಂಗಸರು ತಮ್ಮ ಹಳೇ ಸೀರೆಯ ಚೂರನ್ನು ಮೂಟೆಯ ಬಾಯಿಗೆ ಕಟ್ಟುವುದು ರೂಢಿ. ನಮ್ಮ ಅಧ್ಯಕ್ಷ ಜವರೇಗೌಡರು ಮೈಸೂರಿನ ಯಾವುದೋ ಸಭೆಯಿಂದ ದಪ್ಪದೊಂದು ವರದಿ ಹಿಡಿದು ಬರುವವರೆಗೆ ಎಲ್ಲ ಚೆನ್ನಾಗಿಯೇ ಇತ್ತು.

"ನೋಡು ಶೋಭಾ, ಕಂಪ್ಯೂಟ್ರು ಕಂಪ್ಯೂಟ್ರು ಅಂತ ಪುಟಗಟ್ಲೆ ಬರ್ದವ್ರೆ. ನಮ್ದ್ರಲ್ಲಿ ಒಂದು ಪುಟನಾದ್ರೂ ಬ್ಯಾಡ್ವಾ? ಷೇರುದಾರ್ರಿಗೂ ಗೊತ್ತಾಗ್ಲಿ ಕಣಮ್ಮ, ನಾವೇನು ಕಮ್ಮಿಯಾ?" ಅಂದರು.

ನನಗೂ ಹುಮ್ಮಸ್ಸು ಬಂತು. 'ನಮ್ಮ ಗೋದಾಮು ಸಂಪೂರ್ಣ ಡಿಜಿಟಲ್. ಪ್ರತಿಯೊಬ್ಬ ಸದಸ್ಯರ ಮೂಟೆಯೂ ಕ್ಷಣಮಾತ್ರದಲ್ಲಿ ಪತ್ತೆ' ಎಂದು ಬರೆದೆ. ಬರೆದ ಮೇಲೆ ಫೋಟೋ ಬೇಡವೇ? ಸೀರೆ ಚೂರುಗಳು ಫೋಟೋದಲ್ಲಿ ಸಂತೆಯ ಹಾಗೆ ಕಾಣುತ್ತಿದ್ದವು. ಎಲ್ಲವನ್ನೂ ಕತ್ತರಿಸಿ ಒಲೆಗೆ ಹಾಕಿದೆ. ಬಿಸ್ಕತ್ತಿನ ಪೊಟ್ಟಣದ ಹಿಂದಿರುವ ಕಪ್ಪು ಗೆರೆಗಳನ್ನು ಜೆರಾಕ್ಸ್ ಮಾಡಿಸಿ ಮೂಟೆ ಮೂಟೆಗೂ ಅಂಟಿಸಿದೆ. ನಡುವೆ ಕಂಪ್ಯೂಟರನ್ನು ಹಲಗೆಯ ಮೇಲಿಟ್ಟು, ಕೆಳಗೆ ಜರಿ ಬಟ್ಟೆ ಇಳಿಬಿಟ್ಟು, ಅದರ ಪಕ್ಕ ನಾನು ರೇಷ್ಮೆ ಸೀರೆಯಲ್ಲಿ ನಿಂತು ಫೋಟೋ ತೆಗೆಸಿಕೊಂಡೆ.

ಸರ್ವಸದಸ್ಯರ ಸಭೆ ಗೋದಾಮಿನ ಮುಂದೆಯೇ ನಡೆಯಿತು. ವರದಿಯನ್ನು ಯಾರು ಕೇಳುತ್ತಾರೆ, ಎಲ್ಲರ ಕಣ್ಣೂ ಕೇಸರಿಬಾತಿನ ಮೇಲಿರುತ್ತದೆ ಅಂದುಕೊಂಡಿದ್ದೆ. ಅಧ್ಯಕ್ಷರು ನನ್ನ ಪುಟವನ್ನು ಮೈಕಿನಲ್ಲಿ ಓದಿ ಮುಗಿಸಿದ್ದೇ ತಡ, ಷೇರುದಾರರಲ್ಲೊಬ್ಬರಾದ ದೇವಮ್ಮ ಎದ್ದು ನಿಂತರು.

"ಅಂಗಾದ್ರೆ ನನ್ ಮೂಟೆ ಎಲ್ಲದೆ ತೋರ್ಸವ್ವ. ಮಳೆ ಅದವಾಗಿ ಬಿದ್ದದೆ, ನಾಳೀಕೆ ಬಿತ್ಬೇಕು."

"ಊಟ ಮಾಡ್ಕೊಂಡು ನೋಡಾಣ, ದೇವಮ್ಮಾರೆ" ಅಂದೆ.

"ಕ್ಷಣ್ದಲ್ಲಿ ಸಿಕ್ತದೆ ಅಂತ ಈಗ ತಾನೆ ಓದುದ್ರಲ್ಲ! ಅದು ನಮ್ಮತ್ತೆ ಕಾಲ್ದಿಂದ ಬಂದಿರೋ ಬಿತ್ತನೆ ಕಣವ್ವ. ಕಳ್ದೋದ್ರೆ ಇನ್ನೆಲ್ಲೂ ಸಿಕ್ಕಲ್ಲ."

ಜನ ಕೇಸರಿಬಾತಿನ ಆಸೆ ಬಿಟ್ಟು ಗೋದಾಮಿಗೆ ನುಗ್ಗಿದರು. ನೋಡಿದರೆ ಎಲ್ಲ ಮೂಟೆಯ ಮೇಲೂ ಅದೇ ಬಿಸ್ಕತ್ತು! ಒಬ್ಬೊಬ್ಬರೂ ಮೂಟೆಯ ಬಾಯಿ ಬಿಚ್ಚಿ, ಕಾಳು ಮುಟ್ಟಿ ನೋಡಿ, ನಂದು ನಿಂದು ಅಂತ ಎಳೆದಾಡಿ, ಬೈದಾಡಿ, ಹೇಗೋ ತಂತಮ್ಮದನ್ನು ಬೇರೆ ಮಾಡಿಕೊಂಡರು. ಆ ಬೈಗುಳದಲ್ಲಿ ಮುಕ್ಕಾಲು ಪಾಲು ನನಗೇ ಸಂದಿತು. ಕೊನೆಗೆ ಮೂಟೆಗಳೆಲ್ಲ ಮುಗಿದವು. ದೇವಮ್ಮನದು ಮಾತ್ರ ಇಲ್ಲ. ಅವರು ಬರಿಗೈಯಲ್ಲಿ ಗೋಡೆಗೊರಗಿ ನಿಂತು ನನ್ನನ್ನೇ ನೋಡಿದರು. ಭೂಮಿ ಬಾಯಿಬಿಟ್ಟಿದ್ದರೆ ಗೆರೆ ಚೀಟಿಗಳ ಸಮೇತ ಇಳಿದುಹೋಗುತ್ತಿದ್ದೆ.

"ಏನ್ ಶೋಭಾ, ಒತ್ತಮ್ಮ ಕಂಪ್ಯೂಟ್ರ!" ಅಂತ ಅಧ್ಯಕ್ಷರು ಗದರಿದರು. ಏನು ಒತ್ತಲಿ? ಫೋಟೋ ತೆಗೆಸಿದ ದಿನದಿಂದ ಅದಕ್ಕೆ ವೈರನ್ನೇ ಸಿಕ್ಕಿಸಿರಲಿಲ್ಲ. ಗಾಬರಿಯಲ್ಲಿ ಅದರ ಕಡೆ ನುಗ್ಗಿದವಳ ಕಾಲಿಗೆ ಕೆಳಗಿನ ಜರಿ ಬಟ್ಟೆ ತೊಡರಿ ಸರ್ರನೆ ಜಾರಿತು. ಹಲಗೆಯ ಕೆಳಗೆ ದಪ್ಪನೆಯ ಮೂಟೆಯೊಂದು ಕೂತಿತ್ತು. ಬಾಯಿಗೆ ಹಸಿರು ಸೀರೆಯ ಚೂರು. ಟೇಬಲ್ ಸಿಗದೆ ಅವತ್ತು ಕೈಗೆ ಸಿಕ್ಕ ಮೂಟೆಯನ್ನು ಕಂಪ್ಯೂಟರಿಗೆ ಆಸರೆ ಕೊಟ್ಟಿದ್ದು ನಾನೇ. ಬಟ್ಟೆ ಮುಚ್ಚಿದ್ದರಿಂದ ಅದರ ಸೀರೆ ಚೂರು ಕತ್ತರಿಸುವ, ಚೀಟಿ ಅಂಟಿಸುವ ಗೋಜಿಗೆ ಹೋಗಿರಲಿಲ್ಲ.

ದೇವಮ್ಮ ಓಡಿ ಬಂದು ಮೂಟೆಯನ್ನು ತಬ್ಬಿಕೊಂಡು ಅತ್ತೇಬಿಟ್ಟರು. ನಾನೂ ಅತ್ತೆ. ಅಧ್ಯಕ್ಷರು ಮಾತ್ರ ಮೈಕು ಹಿಡಿದರು: "ನೋಡುದ್ರಾ? ಕಂಪ್ಯೂಟ್ರು ಇದ್ದ ಕಡೆನೇ ಸಿಕ್ತು!"

ಕೇಸರಿಬಾತಿನ ಹಸಿವಿಗೋ ಏನೋ, ಜನ ಚಪ್ಪಾಳೆ ತಟ್ಟಿದರು.

ಮೂಟೆ ಹೊರಿಸಿಕೊಂಡು ಹೊರಡುವಾಗ ದೇವಮ್ಮ ಕಣ್ಣೊರೆಸಿಕೊಳ್ಳುತ್ತಾ, "ಇನ್ಮ್ಯಾಕೆ ಆ ಕಂಪ್ಯೂಟ್ರ ಬುಡ್ಕೆ ನಿಮ್ಮನೆ ಮೂಟೆ ಮಡಿಕ್ಕೊ ಕಣವ್ವ" ಅಂದರು.

ಈಗ ಕೊಯ್ಲು ಮುಗಿದು ಮೂಟೆಗಳು ಮತ್ತೆ ಬರುತ್ತಿವೆ. ಪ್ರತಿಯೊಂದರ ಬಾಯಿಗೂ ಸೀರೆ ಚೂರು, ಮೊದಲಿಗಿಂತ ಬಿಗಿ ಗಂಟು. ಕಂಪ್ಯೂಟರ್ ನೆಲದ ಮೇಲಿದೆ. ಅಧ್ಯಕ್ಷರು ಈ ಸಲವೂ ಒಂದು ಪುಟ ಕೇಳಿದ್ದಾರೆ. ಇದ್ದದ್ದು ಇದ್ದ ಹಾಗೆ ಬರೆಯಬೇಕೆಂದು ಗಟ್ಟಿ ಮನಸ್ಸು ಮಾಡಿ, ಚಾಪೆ ಹಾಸಿಕೊಂಡು ಕೂತೆ. ಬರೆದದ್ದು ಇಷ್ಟು: 'ಸದಸ್ಯರ ಅಮೂಲ್ಯ ಸಲಹೆಯಂತೆ ಈ ಸಾಲಿನಲ್ಲಿ ವಸ್ತ್ರಾಧಾರಿತ, ಬಹುವರ್ಣದ ಗುರುತಿನ ತಂತ್ರಜ್ಞಾನವನ್ನು ಯಶಸ್ವಿಯಾಗಿ ಅಳವಡಿಸಿಕೊಳ್ಳಲಾಗಿದೆ.'