ಕೈಗೆ ಸಿಗದ ಸಿಮ್ಮಿನ ಪರೀಕ್ಷಾ ಪ್ರವಾಸ

ಶಿಯಾಪು ಪಟ್ಟಣ ಕಚೇರಿಯು ಕಣ್ಣಿಗೆ ಕಾಣದ, ಕೈಗೆ ಸಿಗದ ವಸ್ತುವೊಂದನ್ನು ಸಾರ್ವಜನಿಕ ಹಣದಲ್ಲಿ ಖರೀದಿಸಿದ್ದು ಅದೇ ಪ್ರಥಮ ಬಾರಿ. ಖರೀದಿಯು ನಿಯಮಾನುಸಾರ ನಡೆಯಿತು. ಯಾವ ಹಂತದಲ್ಲೂ ಯಾರಿಂದಲೂ ಯಾವುದೇ ಲೋಪ ಸಂಭವಿಸಲಿಲ್ಲ. ಸದರಿ ಕಚೇರಿಯಲ್ಲಿ ಸಭೆಗಳ ನಡಾವಳಿ ಬರೆಯುವ ಕೆಲಸ ನನ್ನದಾದ್ದರಿಂದ ಇದನ್ನು ಖಚಿತವಾಗಿ ಹೇಳಬಲ್ಲೆ.

ನಮ್ಮದು ತೈವಾನಿನ ದಕ್ಷಿಣ ಕರಾವಳಿ. ಹೂಮೀನಿನ ಕೆರೆಗಳು, ಒಂದು ಮೀನುಪೇಟೆ, ಒಂದು ಕಚೇರಿ. ಮೀನುಪೇಟೆಯ ಹೆಂಗಸರದ್ದೊಂದು ನಗಾರಿ ತಂಡವಿದೆ. ವ್ಯಾಪಾರ ಮುಗಿದು ನೆಲ ತೊಳೆದಾದ ಮೇಲೆ ಅದೇ ಒದ್ದೆ ನೆಲದಲ್ಲಿ ರಬ್ಬರ್ ಬೂಟು ಹಾಕಿಕೊಂಡೇ ಅವರು ಬಾರಿಸುತ್ತಾರೆ. ತಂಡದ ಮುಖ್ಯಸ್ಥೆ ಪಾನ್ ಯು-ಲಿಯೆನ್. ಊರಿಗೆಲ್ಲ ಲಿಯೆನ್ ಅಕ್ಕ. ಹೂಮೀನಿನ ಮುಳ್ಳು ಬಿಡಿಸುವುದು ಅವರ ಕಸುಬು. ದೊಡ್ಡ ನಗಾರಿ ಅವರ ಪಾಲಿನದು. ಜಪಾನಿನ ಕಿನೋಹಾಮಾ ನಮ್ಮ ಸೋದರಿ ಪಟ್ಟಣ. ಅಲ್ಲಿನ ಅಧ್ಯಕ್ಷರು ನಮ್ಮಲ್ಲಿಗೆ ಬಂದಿದ್ದಾಗ ಈ ನಗಾರಿ ಕೇಳಿ, ಕರವಸ್ತ್ರ ತೆಗೆದು ಕಣ್ಣೊರೆಸಿಕೊಂಡು, ತಮ್ಮ ಶರತ್ಕಾಲದ ಹಬ್ಬಕ್ಕೆ ಇಡೀ ತಂಡವನ್ನು ಆಹ್ವಾನಿಸಿದರು.

ಲಿಯೆನ್ ಅಕ್ಕನಿಗೆ ಮಂಡಿ ಚಿಪ್ಪು ಸವೆದಿತ್ತು. ಡಾಕ್ಟರು ಶಸ್ತ್ರಚಿಕಿತ್ಸೆಗೆ ದಿನ ಕೊಟ್ಟಿದ್ದರು. "ಹಬ್ಬ ಒಂದು ಮುಗೀಲಿ ಡಾಕ್ಟ್ರೇ, ಆಮೇಲೆ ಎರಡೂ ಕಾಲು ಕತ್ತರಿಸ್ಕೊಳ್ಳಿ" ಎಂದು ಅವರು ಅದನ್ನು ಮುಂದೂಡಿದರು. ಪಾಸ್‌ಪೋರ್ಟು ಮಾಡಿಸಿದರು. ತುಟಿಗೆ ಬಣ್ಣ ಹಚ್ಚಿಕೊಂಡಿದ್ದ ಆ ಫೋಟೋವನ್ನು ಮೀನು ಕೊಳ್ಳಲು ಬಂದವರಿಗೆಲ್ಲ ತೋರಿಸಿದರು.

ಸರ್ಕಾರಿ ವೆಚ್ಚದಲ್ಲಿ ವಿದೇಶಕ್ಕೆ ಹೋಗುವವರು ಪ್ರತಿ ಗಂಟೆಗೊಮ್ಮೆ ತಾವಿರುವ ಸ್ಥಳದಿಂದ ತಮ್ಮ ಚಿತ್ರ ತೆಗೆದು ಕಚೇರಿಗೆ ರವಾನಿಸತಕ್ಕದ್ದು ಎಂದು ನಮ್ಮಲ್ಲೊಂದು ನಿಯಮವಿದೆ. ರವಾನಿಸಲು ಇಂಟರ್ನೆಟ್ ಬೇಕು. ವಿದೇಶದಲ್ಲಿ ಇಂಟರ್ನೆಟ್‌ಗೆ ಇ-ಸಿಮ್ ಬೇಕು. ಇದು ಫೋನಿಗೆ ತುರುಕುವ ಚೂರಲ್ಲ. ಒಂದು ಚೌಕದ ಚಿತ್ರಕ್ಕೆ ಫೋನ್ ಹಿಡಿದರೆ ತಾನೇ ಒಳಗಿಳಿಯುವಂಥದ್ದು.

"ಅಷ್ಟೇ ತಾನೇ?" ಎಂದರು ಲಿಯೆನ್ ಅಕ್ಕ. "ನನ್ನ ತಂಗಿ ಮಗಳು ಹೋದ್ ತಿಂಗಳು ಬಸ್ಸಲ್ಲಿ ಕೂತ್ಕೊಂಡೇ ಕೊಂಡ್ಳು. ನಾನೂ ನನ್ನ ದುಡ್ಡಲ್ಲೇ ಒಂದು ಹಾಕಿಸ್ಕೊಳ್ತೀನಿ ಬಿಡಿ."

ಲಂಚ, ಅಕ್ರಮಗಳ ಮೇಲೆ ಕಣ್ಣಿಡುವ, ಕಚೇರಿಯ ಸಚ್ಚಾರಿತ್ರ್ಯ ಅಧಿಕಾರಿ ಶೆನ್ ಅವರು ಕನ್ನಡಕ ತೆಗೆದರು. "ಅಕ್ಕ, ಸರ್ಕಾರಿ ಕೆಲಸಕ್ಕೆ ಸ್ವಂತ ದುಡ್ಡು ಹಾಕೋದು ಅಂದ್ರೆ ಏನು ಗೊತ್ತಾ? ಸರ್ಕಾರಕ್ಕೆ ಲಂಚ ಕೊಟ್ಟ ಹಾಗೆ."

"ಅಯ್ಯೋ, ನಾನು ಯಾರಿಗೂ ಕೊಡ್ತಿಲ್ವಲ್ಲ!"

"ಅದಕ್ಕೇ ಹೆಚ್ಚು ಅನುಮಾನ ಬರೋದು."

ಆದ್ದರಿಂದ ಇ-ಸಿಮ್ ಯೋಜನಾ ಆಯ್ಕೆ ಸಮಿತಿ ರಚನೆಯಾಯಿತು. ಕಾರ್ಯದರ್ಶಿ ಖೋ ಮಿಂಗ್-ತಾಂಗ್ ಅಧ್ಯಕ್ಷರು. ಲೆಕ್ಕಪತ್ರ ವಿಭಾಗದ ತೂ ಪೀ-ಯುನ್ ಮೇಡಂ ಮತ್ತು ಶೆನ್ ಸದಸ್ಯರು. ಸಮಿತಿಯು ಪ್ರಥಮತಃ ಅನಿಯಮಿತ ಡೇಟಾದ ಯೋಜನೆಯನ್ನು ಪರಿಶೀಲಿಸಿತು.

"ಅನಿಯಮಿತ ಅಂದ್ರೆ ನಿಯಮ ಇಲ್ಲದ್ದು" ಎಂದರು ತೂ ಮೇಡಂ. "ನಿಯಮ ಇಲ್ಲದ್ದನ್ನ ನಿಯಮದ ಪ್ರಕಾರ ಹೇಗ್ರೀ ಕೊಳ್ಳೋದು?"

ಕಾರ್ಯದರ್ಶಿಗಳು ತಲೆದೂಗಿದರು. ಅದು ತಿರಸ್ಕೃತವಾಯಿತು. ಅನಂತರ ಏಷ್ಯಾದ ಹಲವು ದೇಶಗಳಲ್ಲಿ ನಡೆಯುವ ಅಗ್ಗದ ಯೋಜನೆಯೊಂದು ಬಂತು. ಶೆನ್ ಒಪ್ಪಲಿಲ್ಲ. "ಹೋಗಬಾರದ ದೇಶದಲ್ಲೂ ಸಿಗ್ನಲ್ ಇದ್ರೆ ಮನುಷ್ಯನಿಗೆ ಹೋಗಬೇಕು ಅನ್ಸುತ್ತೆ ಸಾರ್. ಆಸೆ ಹುಟ್ಟಿಸೋ ಕೆಲಸ ಸರ್ಕಾರ ಮಾಡಬಾರದು." ದಿನಕ್ಕೆ ಇಷ್ಟು ಎಂದು ಅಳೆದು ಕೊಡುವ ಯೋಜನೆ ಎಲ್ಲರಿಗೂ ಹಿಡಿಸಿತು. ಆದರೆ ಜಪಾನಿನ ಗಡಿಯಾರ ನಮ್ಮದಕ್ಕಿಂತ ಒಂದು ಗಂಟೆ ಮುಂದಿದೆ. ಅಲ್ಲಿ ದಿನ ಮುಗಿದಾಗ ಇಲ್ಲಿ ಮುಗಿದಿರುವುದಿಲ್ಲ. ನಡುವಿನ ಆ ಒಂದು ಗಂಟೆ ಯಾವ ದಿನದ ಖರ್ಚಿಗೆ ಸೇರಬೇಕೆಂಬ ಪ್ರಶ್ನೆಗೆ ಸಮಿತಿ ಮೂರು ಸಭೆಗಳನ್ನು ವಿನಿಯೋಗಿಸಿತು. ಸದರಿ ಅವಧಿಯಲ್ಲಿ ನಿಯೋಗದವರು ನಿದ್ರಿಸತಕ್ಕದ್ದು, ಎಚ್ಚರವಿರಲು ಇಚ್ಛಿಸುವವರು ಪೂರ್ವಾನುಮತಿ ಪಡೆಯತಕ್ಕದ್ದು ಎಂದು ತೀರ್ಮಾನವಾಯಿತು.

ಹೀಗೆ ಜಪಾನಿಗೆ ಮಾತ್ರ ಅನ್ವಯಿಸುವ, ಒಂದು ವಾರ ಬಾಳುವ ಇ-ಸಿಮ್ ಒಂದನ್ನು ತಂಡದ ಪರವಾಗಿ ಲಿಯೆನ್ ಅಕ್ಕನ ಫೋನಿಗೆಂದು ಖರೀದಿಸಲಾಯಿತು.

ಕಚೇರಿ ಕೊಂಡ ಪ್ರತಿ ವಸ್ತುವಿಗೂ ಆಸ್ತಿಯ ಚೀಟಿ ಅಂಟಿಸಬೇಕು. ಕುರ್ಚಿಗಿದೆ, ಫ್ಯಾನಿಗಿದೆ, ಅಂಗಳದ ದೊಡ್ಡ ಆಲದ ಮರಕ್ಕೂ ಇದೆ. ಇ-ಸಿಮ್ಮಿಗೆ ಅಂಟಿಸಲು ಜಾಗವಿರಲಿಲ್ಲ. ವಿಷಯ ತಿಳಿಸಲು ಲಿಯೆನ್ ಅಕ್ಕನನ್ನು ಕರೆಸಿದರು.

"ತೊಂದ್ರೆ ಯಾಕೆ, ನನ್ನ ಹಣೆಗೆ ಅಂಟಿಸಿ" ಎಂದರು ಅಕ್ಕ.

ಶೆನ್ ಒಂದು ಕ್ಷಣ ಅವರ ಹಣೆಯನ್ನು ನೋಡಿದರು. "ಹಣೆ ಕಚೇರಿಯ ಸ್ವತ್ತಲ್ಲ ಅಕ್ಕ."

ಕೊನೆಗೆ ಫೋನಿಗೇ ಅಂಟಿಸಿದರು. ಚೀಟಿ ಅಂಟಿದ್ದರಿಂದ ಫೋನು ಕಚೇರಿಯ ಸ್ವತ್ತಾಯಿತು. ಕಚೇರಿಯ ಸ್ವತ್ತನ್ನು ಮೀನುಪೇಟೆಯಲ್ಲಿ ಇಡುವಂತಿಲ್ಲವಾದ್ದರಿಂದ ಅದನ್ನು ನನ್ನ ಮೇಜಿನ ಹಿಂದಿನ ಕಬ್ಬಿಣದ ಬೀರುವಿನಲ್ಲಿಟ್ಟು ಬೀಗ ಹಾಕಿದರು. ಅಕ್ಕನಿಗೆ ಮೀನು ಬೇಕೆಂದು ಹೇಳುವವರು ಆ ಫೋನಿಗೇ ಕರೆ ಮಾಡುತ್ತಿದ್ದರು. ಬೆಳಗಾದರೆ ಬೀರು ಹಾಡತೊಡಗುತ್ತಿತ್ತು. ನಾನು ಬೀಗ ತೆಗೆದು, "ಪಟ್ಟಣ ಕಚೇರಿ, ಹೇಳಿ" ಎನ್ನುತ್ತಿದ್ದೆ. "ಹೊಟ್ಟೆ ಭಾಗ ಎರಡು, ಗಂಜಿಗೆ ಬೇಕು, ಮುಳ್ಳು ಒಂದೂ ಇರಬಾರದು" ಎನ್ನುತ್ತಿದ್ದರು. ಬರೆದುಕೊಂಡು ಪೇಟೆಗೆ ಹೋಗಿ ಒಪ್ಪಿಸುತ್ತಿದ್ದೆ. ಕೆಲವೇ ದಿನಗಳಲ್ಲಿ ಜನ ನೇರವಾಗಿ ಕಚೇರಿಗೇ ಬಂದು ಮೀನು ಕೇಳಲಾರಂಭಿಸಿದರು. ಅದಕ್ಕೊಂದು ಕಿಟಕಿ ಮೀಸಲಿಡಲಾಯಿತು.

ಖರೀದಿಸಿದ ವಸ್ತು ಕೆಲಸ ಮಾಡುತ್ತದೆಯೇ ಎಂದು ಪರೀಕ್ಷಿಸಿದ ಹೊರತು ಬಳಕೆಗೆ ಕೊಡುವಂತಿಲ್ಲ. ಈ ಇ-ಸಿಮ್ಮೋ ಜಪಾನಿನ ನೆಲ ಮುಟ್ಟಿದ ಮೇಲಷ್ಟೇ ಜೀವ ತಳೆಯುವಂಥದ್ದು.

"ಬೇರೆ ದಾರಿಯೇ ಇಲ್ಲ" ಎಂದು ಕಾರ್ಯದರ್ಶಿ ಖೋ ಬಹಳ ಬೇಸರದಿಂದ ಹೇಳಿದರು. "ನಾವು ಮೂವರೂ ಹೋಗ್ಲೇಬೇಕಾಗುತ್ತೆ."

"ನನಗಂತೂ ವಿಮಾನ ಅಂದ್ರೆ ಆಗೋದೇ ಇಲ್ಲ" ಎಂದು ತೂ ಮೇಡಂ ಅದೇ ಸಂಜೆ ಹೊಸ ಪೆಟ್ಟಿಗೆ ಕೊಂಡರು.

ಸಮಿತಿಯು ಲಿಯೆನ್ ಅಕ್ಕನ ಫೋನಿನೊಂದಿಗೆ ಕಿನೋಹಾಮಾಕ್ಕೆ ತೆರಳಿತು. ಗಂಟೆಗೊಂದು ಚಿತ್ರ ಬಂತು. ಬಂದರಿನ ಮುಂದೆ ಕಾರ್ಯದರ್ಶಿಗಳು, ಸುಟ್ಟ ಚಿಪ್ಪುಮೀನಿನ ಮುಂದೆ ಕಾರ್ಯದರ್ಶಿಗಳು, ಬಿಸಿನೀರಿನ ಬುಗ್ಗೆಯಲ್ಲಿ ಕುತ್ತಿಗೆಯವರೆಗೆ ಕಾರ್ಯದರ್ಶಿಗಳು. ಸಿಗ್ನಲ್ ಎಲ್ಲೆಡೆ ತೃಪ್ತಿಕರವಾಗಿತ್ತು. ಹಿಂತಿರುಗಿ ವರದಿ ಸಿದ್ಧಪಡಿಸಿ ಅದಕ್ಕೆ ಮೇಲಿನವರ ಒಪ್ಪಿಗೆ ಬರುವಷ್ಟರಲ್ಲಿ ಇ-ಸಿಮ್ಮಿನ ವಾರ ಮುಗಿದಿತ್ತು. ಪರೀಕ್ಷೆಯಲ್ಲಿ ಉತ್ತೀರ್ಣವಾದ ವಸ್ತು ಉಳಿದಿರಲಿಲ್ಲ. ಎರಡನೆಯದನ್ನು ಕೊಂಡರು. ಅದು ಪರೀಕ್ಷೆಯಾಗಿರಲಿಲ್ಲ. ಸಮಿತಿ ಮತ್ತೆ ಹೊರಟಿತು. ಅದೂ ಕೆಲಸ ಮಾಡಿತು, ಅದೂ ಮುಗಿಯಿತು. ಮೂರನೆಯದನ್ನು ಕೊಂಡರು.

ಹಬ್ಬ ಹತ್ತಿರ ಬಂದಾಗ ತೂ ಮೇಡಂ ಲೆಕ್ಕ ಹಾಕಿ ನೋಡಿದರು. ಪ್ರವಾಸಕ್ಕೆಂದು ಇಟ್ಟ ಹಣದಲ್ಲಿ ಇನ್ನು ಮೂವರು ಮಾತ್ರ ಹೋಗಿಬರಬಹುದಿತ್ತು. ಸಮಿತಿಯ ಸದಸ್ಯರು ಮೂವರೇ ಇದ್ದುದು ಅನುಕೂಲವಾಯಿತು.

ಸುದ್ದಿ ಹೇಳಲು ಕಾರ್ಯದರ್ಶಿಗಳು ಖುದ್ದಾಗಿ ಮೀನುಪೇಟೆಗೆ ಹೋದರು. ನಾನೂ ಜೊತೆಗಿದ್ದೆ. ಲಿಯೆನ್ ಅಕ್ಕ ಮೀನಿನ ಬೆನ್ನಿನುದ್ದಕ್ಕೂ ಬೆರಳಾಡಿಸಿ ಮುಳ್ಳು ಹುಡುಕುತ್ತಿದ್ದರು.

"ಅಕ್ಕ, ಒಂದು ಸಣ್ಣ ಬದಲಾವಣೆ. ಈ ಸಲ ಪರೀಕ್ಷೆ, ಹಬ್ಬ ಎರಡೂ ಒಟ್ಟಿಗೇ ಮಾಡ್ತಿದೀವಿ. ನಗಾರಿ ಬಾರಿಸೋ ದೃಶ್ಯ ಅಲ್ಲಿಂದ ನೇರವಾಗಿ ಕಳಿಸಿದ್ರೆ ಸಿಮ್ಮಿಗೆ ಒಳ್ಳೆ ಪರೀಕ್ಷೆ ಆಗುತ್ತೆ. ನಗಾರಿ ಕೂಡ ಪರೀಕ್ಷಾ ಸಾಮಗ್ರಿ ಅಂತ ಮಂಜೂರಾಗಿದೆ."

"ಬಾರಿಸೋರು?"

"ನಾವೇ."

ಅಕ್ಕನ ಬೆರಳು ನಿಂತಿತು. "ಹಾಗಾದ್ರೆ ನಾವು?"

"ನೀವು ಮುಂದಿನ ವರ್ಷ."

"ಮುಂದಿನ ವರ್ಷ ಈ ಮಂಡಿ ನನ್ನ ಮಾತು ಕೇಳಲ್ಲ ಸಾಹೇಬ್ರೇ."

"ಮಂಡಿ ವಿಷಯ ಆರೋಗ್ಯ ಇಲಾಖೆಗೆ ಸೇರಿದ್ದು" ಎಂದರು ಕಾರ್ಯದರ್ಶಿಗಳು, ನಿಜವಾದ ಕನಿಕರದಿಂದ.

ಪಕ್ಕದ ಅಂಗಡಿಯಲ್ಲಿ ಸಿಗಡಿ ತೂಗುತ್ತಿದ್ದ ಹೆಂಗಸು ತಕ್ಕಡಿ ಬಿಟ್ಟು ಬಂದು ಏನೋ ಹೇಳಲು ಬಾಯಿ ತೆರೆದಳು. ಲಿಯೆನ್ ಅಕ್ಕ ಅವಳನ್ನು ಕಣ್ಣಲ್ಲೇ ತಡೆದರು. ಕತ್ತಿಯನ್ನು ನೀರಿನಲ್ಲಿ ಅದ್ದಿ ತೆಗೆದರು. ಬಟ್ಟೆಯಿಂದ ಒರೆಸಿದರು. ಒರೆಸಿದ್ದನ್ನೇ ಮತ್ತೆ ಒರೆಸಿದರು.

"ನಗಾರಿಗೆ ಮಳೆ ತಾಗಿಸ್ಬೇಡಿ" ಎಂದರು. "ಚರ್ಮ ಸಡಿಲ ಆದ್ರೆ ಸತ್ತೋಗುತ್ತೆ ಅದು."

ಇದಕ್ಕೆ ಅವರ ಸಮ್ಮತಿಯಿದೆ ಎಂದು ನಡಾವಳಿಯಲ್ಲಿ ನಮೂದಿಸಿದೆ.

ಹಬ್ಬದ ದಿನ ಮೀನುಪೇಟೆಯ ಗೋಡೆಗೆ ಬಿಳಿ ಬಟ್ಟೆ ಕಟ್ಟಿದರು. ಲಿಯೆನ್ ಅಕ್ಕನದೇ ಫೋನು ಕಿನೋಹಾಮಾದಿಂದ ಕಳಿಸುತ್ತಿದ್ದ ದೃಶ್ಯ ಅದರ ಮೇಲೆ ಮೂಡಿತು. ತಂಡದ ಹೆಂಗಸರೆಲ್ಲ ಪ್ಲಾಸ್ಟಿಕ್ ಸ್ಟೂಲುಗಳ ಮೇಲೆ ಕೂತು ಕುಂಬಳದ ಬೀಜ ಬಿಡಿಸುತ್ತಿದ್ದರು. ತೆರೆಯ ಮೇಲೆ, ಹೆಂಗಸರಿಗೆಂದೇ ಹೊಲಿಸಿದ್ದ ಕೆಂಪು ಅಂಗಿ ತೊಟ್ಟು ಸಮಿತಿ ಕಾಣಿಸಿಕೊಂಡಿತು. ಕಾರ್ಯದರ್ಶಿಗಳ ಅಂಗಿಯ ಗುಂಡಿ ಹೊಟ್ಟೆಯ ಬಳಿ ಕೂಡಿರಲಿಲ್ಲ. ಅವರು ಕೋಲೆತ್ತಿದರು. ಮೊಹರು ಒತ್ತುವವರ ಹಾಗೆ ಒಂದೊಂದಾಗಿ, ನಡುವೆ ಪರಿಶೀಲನೆಗೆ ಸಾಕಷ್ಟು ಸಮಯ ಬಿಟ್ಟು, ಬಾರಿಸಿದರು.

"ಇದೇನೇ ಇದು, ಬಾಗಿಲು ತಟ್ತಾ ಇದಾರಾ?" ಎಂದಳು ಸಿಗಡಿಯವಳು. ಎಲ್ಲರೂ ಬಿದ್ದು ಬಿದ್ದು ನಕ್ಕರು.

ಲಿಯೆನ್ ಅಕ್ಕ ನಗಲಿಲ್ಲ. ಸ್ಟೂಲಿನ ತುದಿಗೆ ಸರಿದು ಕೂತಿದ್ದರು. "ಎಡಗೈ! ಎಡಗೈ ಕಣ್ರೀ! ಉಸಿರು ಬಿಟ್ಟು ಹೊಡೀರಿ!" ಎಂದು ಬಟ್ಟೆಗೆ ಕೂಗಿದರು. ಆಮೇಲೆ ಎದ್ದು ನಿಂತರು. ಮಂಡಿ ಲಟಕ್ಕೆಂದದ್ದು ನನಗೂ ಕೇಳಿಸಿತು. ಬರಿಗೈಯಲ್ಲೇ ಗಾಳಿಗೆ ಬಾರಿಸತೊಡಗಿದರು, ತಮ್ಮ ವಾದನದ ಕೊನೆಯ ಭಾಗವನ್ನು, ಅಲೆ ಎದ್ದು ಬರುವಂತೆ ಕೇಳಿಸುವ ಭಾಗವನ್ನು. ನಗುತ್ತಿದ್ದವರು ಕೈಯಲ್ಲಿದ್ದ ಬೀಜ ಕೆಳಗಿಟ್ಟರು. ಅಷ್ಟರಲ್ಲಿ ಆ ದಿನಕ್ಕೆ ಅಳೆದು ಕೊಟ್ಟ ಡೇಟಾ ತೀರಿತು. ಕೋಲೆತ್ತಿದ ಕಾರ್ಯದರ್ಶಿಗಳು ಬಟ್ಟೆಯ ಮೇಲೆ ಹಾಗೇ ನಿಂತುಬಿಟ್ಟರು. ಅಕ್ಕ ಮಾತ್ರ ಪೂರ್ತಿ ಮುಗಿಸಿಯೇ ಕೂತರು. ಮಾರನೆಯ ವಾರ ಹೋಗಿ ಆಸ್ಪತ್ರೆಗೆ ಸೇರಿಕೊಂಡರು.

ಕಿನೋಹಾಮಾದಿಂದ ಪತ್ರ ಬಂತು. ಅಲ್ಲಿನವರು ಬಹಳ ಮರ್ಯಾದಸ್ಥರು. ತಂಡದ ವಾದನವು 'ಅತ್ಯಂತ ಧೈರ್ಯದಿಂದ ಕೂಡಿತ್ತು' ಎಂದೂ, ಮುಂದಿನ ವರ್ಷವೂ ಇದೇ ಕಲಾವಿದರನ್ನು ನಿರೀಕ್ಷಿಸುವುದಾಗಿಯೂ ಬರೆದಿದ್ದರು. ಸಮಿತಿಯು ಹಣ್ಣಿನ ಬುಟ್ಟಿಯೊಂದಿಗೆ ಆಸ್ಪತ್ರೆಗೆ ಹೋಗಿ ಲಿಯೆನ್ ಅಕ್ಕನನ್ನು ಗೌರವ ತರಬೇತುದಾರರನ್ನಾಗಿ ನೇಮಿಸಿತು.

"ನಾನೇ ಬರೋದು ಬೇಡ್ವಾ?" ಎಂದರು ಅಕ್ಕ. "ಹೊಸ ಮಂಡಿ ಹಾಕಿದಾರೆ. ಒಂದು ವರ್ಷದಲ್ಲಿ ನಿಂತು ಬಾರಿಸಬಹುದು ಅಂತಾರೆ ಡಾಕ್ಟ್ರು."

ತೂ ಮೇಡಂ ಅವರ ಕೈ ಹಿಡಿದುಕೊಂಡರು. "ನೀವೇ ಬಂದ್ಬಿಟ್ರೆ ನಮಗೆ ಕಲಿಸೋರು ಯಾರಿರ್ತಾರೆ ಅಕ್ಕ?"

ಅಕ್ಕ ಕೈ ಬಿಡಿಸಿಕೊಂಡು ಬುಟ್ಟಿಯತ್ತ ಚಾಚಿದರು. ಪೇರಲೆ ಹಣ್ಣೊಂದನ್ನು ತೆಗೆದುಕೊಂಡು ಕಚ್ಚಿದರು.

ಈಗ ಮಧ್ಯಾಹ್ನ ಕಚೇರಿಯ ಸಭಾಂಗಣದಲ್ಲಿ ಸಮಿತಿಯ ನಗಾರಿ ಅಭ್ಯಾಸ ನಡೆಯುತ್ತದೆ. ಜನನ ಪ್ರಮಾಣಪತ್ರಕ್ಕೆ ಬಂದವರು ಮುಗಿಯುವ ತನಕ ಕೂತು ಕೇಳುತ್ತಾರೆ. ಯಾರೂ ದೂರು ಕೊಟ್ಟಿಲ್ಲ.

ವಸಂತದಲ್ಲಿ ಕಿನೋಹಾಮಾದ ನಿಯೋಗ ನಮ್ಮೂರಿಗೆ ಬಂತು. ಕರಿ ಸೂಟು ತೊಟ್ಟ ಮೂವರು ಅಧಿಕಾರಿಗಳು. ತೈವಾನಿಗೆಂದು ಖರೀದಿಸಿದ ಇ-ಸಿಮ್ಮನ್ನು ಪರೀಕ್ಷಿಸುವುದು ಅವರ ಉದ್ದೇಶ. ಜೊತೆಗೆ ತಮ್ಮೂರಿನ ಬಲೆ ಎಳೆಯುವ ಕುಣಿತವನ್ನು ಪ್ರದರ್ಶಿಸುವುದಾಗಿ ತಿಳಿಸಿ, ಸೂಟಿನ ಮೇಲೆ ನೀಲಿ ನಿಲುವಂಗಿ ಹಾಕಿಕೊಂಡು ಕುಣಿದರು. ಕಾಗದದಲ್ಲಿ ಬರೆದುಕೊಂಡು ಕುಣಿದ ಹಾಗಿತ್ತು. ನಮ್ಮ ಸಮಿತಿ ನಗಾರಿ ಬಾರಿಸಿತು. ಎರಡೂ ಕಡೆಯವರು ಪರಸ್ಪರ ತಲೆಬಾಗಿ, ಮೇಲೆದ್ದು, ಮತ್ತೆ ತಲೆಬಾಗಿದರು.

ಊಟದ ವೇಳೆ ಲಿಯೆನ್ ಅಕ್ಕ ಊರುಗೋಲು ಹಿಡಿದು ಅವರಲ್ಲಿ ಹಿರಿಯರಾದ ಸುಗಾನುಮಾ ಅವರ ಬಳಿ ಹೋದರು. ದುಭಾಷಿಯ ಮೂಲಕ ಕೇಳಿದರು: "ನಿಮ್ಮೂರಲ್ಲಿ ಈ ಕುಣಿತ ಕುಣಿಯೋರು ಯಾರು?"

ಸುಗಾನುಮಾ ಸಂತೋಷದಿಂದ ತಮ್ಮ ಫೋನು ತೆಗೆದು ಒಂದು ಚಿತ್ರ ತೋರಿಸಿದರು. ವಿಮಾನ ನಿಲ್ದಾಣದ ಬಾಗಿಲು. ಅದರ ಹೊರಗೆ ಬಿಸಿಲಿಗೆ ಸುಟ್ಟ ಮುಖದ, ತಲೆಗೆ ಬಟ್ಟೆ ಕಟ್ಟಿದ ಹೆಂಗಸರು ಸಾಲಾಗಿ ನಿಂತು ಕೈಬೀಸುತ್ತಿದ್ದರು.

ಅಕ್ಕ ಚಿತ್ರವನ್ನು ಹತ್ತಿರಕ್ಕೆ ಹಿಡಿದು ನೋಡಿದರು. ಒಬ್ಬಳ ಮೇಲೆ ಬೆರಳಿಟ್ಟರು. "ಇವಳು ಚೆನ್ನಾಗಿ ಕುಣೀತಾಳೆ, ಅಲ್ವಾ? ನಿಂತಿರೋ ರೀತೀಲೇ ಗೊತ್ತಾಗುತ್ತೆ."

"ಹೌದು, ಹೌದು" ಎಂದರು ಸುಗಾನುಮಾ, ಎರಡೂ ಕೈ ತೊಡೆಗೊತ್ತಿ ತಲೆಬಾಗಿ. "ನಮ್ಮೂರಲ್ಲಿ ಅವರನ್ನು ಮೀರಿಸೋರಿಲ್ಲ. ನಮಗೆ ಕಲಿಸಿದ್ದೇ ಅವರು."

ಅಕ್ಕ ಫೋನು ಹಿಂತಿರುಗಿಸಿದರು. ಆಮೇಲೆ ಆ ಹೆಂಗಸಿಗೆಂದು, ಮುಳ್ಳು ಬಿಡಿಸಿ ಒಣಗಿಸಿದ ಹೂಮೀನಿನ ಒಂದು ಪೊಟ್ಟಣ ಕೊಟ್ಟರು. ಸುಗಾನುಮಾ ಅದನ್ನು ಎರಡೂ ಕೈಯಲ್ಲಿ ಸ್ವೀಕರಿಸಿದರು. ನಿಲ್ದಾಣದಲ್ಲಿ ಸುಂಕದವರು ಅದನ್ನು ತಡೆಹಿಡಿದರೆಂದು ಅನಂತರ ತಿಳಿದುಬಂತು. ಅದನ್ನು ಪರೀಕ್ಷಿಸಲು ಸಮಿತಿಯೊಂದು ರಚನೆಯಾಗಿದೆ.