ಈಶಪ್ಪನವರ ಗಾಲ್ಫ್ ಚೆಂಡಿಗೆ ಬಣ್ಣ

ಗಜೇಂದ್ರಗಡದ ಹತ್ತಿ ವ್ಯಾಪಾರಿ ಈಶಪ್ಪನವರಿಗೆ ನಡೆಯುವುದಕ್ಕೆ ಅಡ್ಡಿಯಿರಲಿಲ್ಲ. ಸುಮ್ಮನೆ ನಡೆಯುವುದಕ್ಕೆ ಅಡ್ಡಿಯಿತ್ತು. ರೋಣದ ಡಾಕ್ಟರು ಗಾಜಿನ ನಳಿಕೆಯಲ್ಲಿ ಏನನ್ನೋ ಕಾಯಿಸಿ (ಏನನ್ನು ಎಂದು ಇಲ್ಲಿ ಬರೆಯುವುದು ಬೇಡ), ನೀಲಿ ಇರಬೇಕಾದದ್ದು ಇಟ್ಟಂಗಿಯ ಬಣ್ಣಕ್ಕೆ ತಿರುಗಿದ್ದನ್ನು ತೋರಿಸಿ, "ಸಕ್ಕರಿ ಐತ್ರಿ ಸಾವ್ಕಾರ. ಮಿರ್ಚಿ-ಭಜಿ, ಹೋಳಗಿ ಬಿಡ್ರಿ. ದಿನಾ ಸಂಜಿಗೆ ಎರಡು ಮೈಲು ನಡೀರಿ" ಅಂದಿದ್ದರು.

ಹೋಳಿಗೆಯನ್ನು ಈಶಪ್ಪನವರು ಬಿಟ್ಟರು. ಹೆಂಡತಿ ಗೌರವ್ವ ಮಾಡುವುದನ್ನೇ ಬಿಟ್ಟಿದ್ದರಿಂದ ಅದಕ್ಕೆ ಹೆಚ್ಚಿನ ತಪಸ್ಸು ಬೇಕಾಗಲಿಲ್ಲ. ಆದರೆ ನಡೆಯುವುದು? ಮೊದಲ ಸಂಜೆ ಅಂಗಡಿ ಸಾಲು ದಾಟುವಷ್ಟರಲ್ಲಿ ಹನ್ನೊಂದು ಮಂದಿ, "ಯಾರ ಮನಿಗ್ರಿ ಸಾವ್ಕಾರ?" ಎಂದು ಕೇಳಿದರು. "ಎಲ್ಲೂ ಇಲ್ಲ, ಸುಮ್ನ ಹೊಂಟೀನಿ" ಎಂದರೆ ಒಬ್ಬನೂ ನಂಬಲಿಲ್ಲ. ಊರಿನ ದೊಡ್ಡ ವ್ಯಾಪಾರಿ ಸುಮ್ಮನೆ ನಡೆಯುವುದುಂಟೇ! ಮರುದಿನದ ಹೊತ್ತಿಗೆ ಅವರು ಹೊಲ ಮಾರುತ್ತಿದ್ದಾರೆಂದು ಸುದ್ದಿ. ಮೂರನೆಯ ದಿನ ಚಪ್ಪಲಿಯೊಳಗಿನ ಹರಳು ತೆಗೆಯಲು ವಿಧವೆ ಗಾಳೆವ್ವನ ಮನೆಯ ಮುಂದೆ ಅರೆಗಳಿಗೆ ನಿಂತರು. ನಾಲ್ಕನೆಯ ದಿನದಿಂದ ನಡೆಯುವುದನ್ನು ನಿಲ್ಲಿಸಿದರು.

ಉಪಾಯ ಹೊಳೆದದ್ದು ಗದಗಿನಲ್ಲಿ. ಇಂಗ್ಲಿಷ್ ದೊರೆಯೊಬ್ಬ ಊರು ಬಿಟ್ಟು ವಿಲಾಯಿತಿಗೆ ಹೊರಟಿದ್ದ. ಅವನ ಮನೆಯ ಸಾಮಾನು ಹರಾಜಿಗೆ ಬಂದಿತ್ತು. ಗೌರವ್ವ ಗಂಡನನ್ನು ಕಳಿಸಿದ್ದು ಆಳೆತ್ತರದ ಕನ್ನಡಿಯಿರುವ ಕಪಾಟು ತರಲಿಕ್ಕೆ. ಈಶಪ್ಪನವರು ಹೊತ್ತು ತಂದದ್ದು ಒಂದು ತೊಗಲಿನ ಚೀಲ. ಅದರೊಳಗೆ ಸೊಟ್ಟ ಮೂತಿಯ ಎರಡು ಕೋಲು, ಮೂರು ಬಿಳಿ ಚೆಂಡು.

"ಕಪಾಟೆಲ್ಲಿ?" ಎಂದಳು ಗೌರವ್ವ.

"ಕಪಾಟು ಬಿಡು. ಇದಕ್ಕ ಗಾಲ್ಫ್ ಅಂತಾರ. ಚೆಂಡು ಹೊಡಿಯೂದು, ಅದರ ಹಿಂದ ನಡಕೋಂತ ಹೋಗೂದು, ಮತ್ತ ಹೊಡಿಯೂದು, ಕಡೀಕೆ ಒಂದು ಕುಣ್ಯಾಗ ಹಾಕೂದು. ಇನ್ನ ಎಲ್ಲಿ ಹೊಂಟೀರಿ ಅಂತ ಯಾರರ ಕೇಳಿದ್ರ ಚೆಂಡಿನ ಹಿಂದ ಅಂತ ಎದಿ ತಟ್ಟಿ ಹೇಳ್ತೀನಿ!"

"ಹೊಡದಾವ್ರೂ ನೀವು, ಹುಡುಕಾವ್ರೂ ನೀವು?"

"ಹೌದು."

"ಹಂಗಾರ ಹೊಡಿಯೂದ್ಯಾಕ? ಕೈಯಾಗ ಹಿಡಕೊಂಡು ಹೋಗ್ರಲಾ."

ಈ ಪ್ರಶ್ನೆಗೆ ವಿಲಾಯಿತಿಯಲ್ಲೂ ಉತ್ತರವಿರಲಿಕ್ಕಿಲ್ಲ. ಈಶಪ್ಪನವರು ಕೇಳಿಸದವರಂತೆ ಕೋಲು ಒರೆಸುತ್ತ ಕೂತರು.

ಅದು ಕನ್ನಡ ಸೀಮೆಯೆಲ್ಲ ಒಂದು ರಾಜ್ಯವಾದ ಮರುವರ್ಷ. ಮಂದಿಗೆ ಹೊಸದನ್ನು ನೋಡುವ ರೂಢಿ ಆಗತೊಡಗಿತ್ತು. ಈಶಪ್ಪನವರು ಊರ ಪಕ್ಕದ ಗುಡ್ಡದಲ್ಲಿ ಆಟ ಹೂಡಿದಾಗ ಎರಡು ದಿನ ಊರವರು ಅದರ ಬುಡಕ್ಕೆ ಬಂದು ನಿಂತು ನೋಡಿದರು. 'ಸಾವ್ಕಾರರ ಚಿಣಿಫಣಿ' ಎಂದು ಹುಡುಗರ ಚಿಣ್ಣಿದಾಂಡಿನ ಹೆಸರಿಟ್ಟು ತಂತಮ್ಮ ಕೆಲಸಕ್ಕೆ ಹೋದರು. ಶ್ರಾವಣವೆಲ್ಲ ಈಶಪ್ಪನವರ ಆಟ ಸುಸೂತ್ರವಾಗಿ ನಡೆಯಿತು. ಗುಡ್ಡ ಹಚ್ಚಹಸಿರಾಗಿತ್ತು, ಚೆಂಡು ಅಚ್ಚಬಿಳುಪಾಗಿತ್ತು. ಹೊಡೆದು ತಲೆಯೆತ್ತಿದರೆ ಎಲ್ಲಿ ಬಿದ್ದಿದೆಯೆಂದು ಕಾಣುತ್ತಿತ್ತು. ಒಂದು ಚೆಂಡನ್ನು ಹಾಳು ಬಾವಿ ನುಂಗಿತು, ಇನ್ನೊಂದನ್ನು ಕುರುಬರ ನಾಯಿ ಕಚ್ಚಿಕೊಂಡು ಹೋಯಿತು ಎಂಬುದನ್ನು ಬಿಟ್ಟರೆ ಬೇರೆ ವಿಘ್ನವಿರಲಿಲ್ಲ. ಅರ್ಧ ತಾಸಿನಲ್ಲಿ ಆಟ ಮುಗಿಸಿ ಮನೆಗೆ ಬಂದು ಪಡಸಾಲೆಯ ಆರಾಮ ಕುರ್ಚಿಯಲ್ಲಿ ವಿರಾಜಮಾನರಾಗುತ್ತಿದ್ದರು.

ಅಷ್ಟರಲ್ಲಿ ಶರದೃತು ಪಾದಾರ್ಪಣೆ ಮಾಡಿತು. ದಸರೆ ಮುಗಿದ ಎರಡನೆಯ ದಿನಕ್ಕೆ ಗುಡ್ಡದ ಹುಲ್ಲು ಹಣ್ಣಾಗಿ ಬಾಗಿತು; ಅದರ ತುದಿಗೆ ಬೆಳ್ಳನೆಯ ತೆನೆ. ಹುಲ್ಲು ಬಾಗಿದ್ದೇ ತಡ, ಮಳೆಗಾಲವೆಲ್ಲ ಮುಚ್ಚಿಕೊಂಡು ಮಲಗಿದ್ದ ಬೆಣಚುಕಲ್ಲುಗಳು ತಲೆಯೆತ್ತಿ ಕೂತವು. ದುಂಡಗೆ, ಬೆಳ್ಳಗೆ, ಸಾವಿರಗಟ್ಟಲೆ. ಆ ಸಂಜೆ ಈಶಪ್ಪನವರು ಒಂದೇ ಪೆಟ್ಟು ಹೊಡೆದರು. ಚೆಂಡು ಕಲ್ಲುಗಳ ಸಭೆಯಲ್ಲಿ ಸೇರಿಹೋಯಿತು. ಉಳಿದದ್ದು ಅದೊಂದೇ ಚೆಂಡು. ಅದು ಹೋದರೆ ಆಟ ಹೋಯಿತು, ಆಟ ಹೋದರೆ ನಡಿಗೆ ಹೋಯಿತು, ನಡಿಗೆ ಹೋದರೆ ಮತ್ತೆ ಆ ಗಾಜಿನ ನಳಿಕೆ! ಸಿಕ್ಕಿಬಿಡಲೆಂದು ಕಲ್ಲು ಕಲ್ಲಿಗೂ ಬಗ್ಗಿ ಬಗ್ಗಿ ಹುಡುಕಿದರು. ಚೆಂಡು ಸಿಕ್ಕಾಗ ಸೊಂಟ ಸಿಕ್ಕಿಕೊಂಡಿತ್ತು.

"ಬಿಳೇ ಬಣ್ಣ ಇನ್ನ ನಡಿಯೂದುಲ್ಲ," ಎಂದರು, ಗೌರವ್ವ ಬೆನ್ನಿಗೆ ಎಣ್ಣೆ ತಿಕ್ಕುವಾಗ. "ಈ ದಿನಮಾನಕ್ಕ ಎದ್ದು ಕಾಣೂವಂಥ ಬಣ್ಣ ಹಚ್ಚಬೇಕು. ಯಾವುದು ಹಚ್ಚಲಿ?"

ಇಷ್ಟು ದಿನ ಆ ಚೀಲವನ್ನು ಸವತಿಯಂತೆ ನೋಡುತ್ತಿದ್ದ ಗೌರವ್ವ ತಿಕ್ಕುವುದನ್ನು ನಿಲ್ಲಿಸಿದಳು. "ಇವತ್ತ ಹುಡುಕಾಕ ಎಷ್ಟು ಹೊತ್ತಾತ್ರಿ?"

"ಎರಡು ತಾಸು!"

"ಅಯ್ಯ ಪಾಪ," ಎಂದಳು ಗೌರವ್ವ, ಬಹಳ ಮೃದುವಾಗಿ. "ಬಣ್ಣದ ಉಸಾಬರಿ ನನಗ ಬಿಡ್ರಿ. ಗಂಡಸರಿಗೆ ಬಣ್ಣ ಏನ್ ತಿಳೀತಾವ? ನಾ ಸೋಮವಾರ ಗುಡ್ಡಕ್ಕ ಕಾಲಕಾಲೇಶ್ವರನ ದರ್ಶನಕ್ಕ ಹೋಗ್ತೀನಲ್ಲ, ಎಲ್ಲಾ ನೋಡಿ ಬಂದು ಹೇಳ್ತೀನಿ."

ಈಶಪ್ಪನವರ ಕಣ್ಣು ತುಂಬಿ ಬಂದವು. (ಎಣ್ಣೆಯೂ ಸ್ವಲ್ಪ ತಾಗಿತ್ತು.)

ಸೋಮವಾರ ಗುಡ್ಡದಿಂದ ಬಂದವಳೇ ಗೌರವ್ವ ತೀರ್ಪು ಕೊಟ್ಟಳು: "ಹಳದಿ." ಬಂಡಿಯ ಗಾಲಿಗೂ ಎತ್ತಿನ ಕೋಡಿಗೂ ನಾಟಕದ ಪರದೆಗೂ ಬಣ್ಣ ಬಳಿಯುವ ಜಂಗ್ಲಿಸಾಬ ಚೆಂಡನ್ನು ಒಯ್ದು ಹಳದಿ ಮಾಡಿ ತಂದ. ಅದು ಎರಡು ದಿನ ಚೆನ್ನಾಗಿಯೇ ಕಂಡಿತು. ಮೂರನೆಯ ದಿನ ಗುಡ್ಡದ ತುಂಬ ಹೊನ್ನಂಬರಿ ಗಿಡಗಳು ಒಟ್ಟಿಗೇ ಮಾತಾಡಿಕೊಂಡಂತೆ ಹೂಬಿಟ್ಟವು. ಎತ್ತ ನೋಡಿದರೂ ಹಳದಿ. ಈಶಪ್ಪನವರು ಪ್ರತಿ ಗಿಡವನ್ನೂ ಕೋಲಿನಿಂದ ಬಡಿದು ವಿಚಾರಣೆ ಮಾಡುತ್ತ ಎರಡೂವರೆ ತಾಸು ತಿರುಗಿದರು.

"ಮೊಗ್ಗು ಇದ್ದೂವೇನ, ನನ್ನ ಕಣ್ಣಿಗೆ ಬೀಳಲಿಲ್ಲ ನೋಡ್ರಿ," ಎಂದಳು ಗೌರವ್ವ. "ತಡೀರಿ, ಈ ಸೋಮವಾರ ಬರಾಬರಿ ನೋಡಿ ಬರ್ತೀನಿ."

ಆ ಸೋಮವಾರ ಹಸಿರು ಎಂದಳು. ತರ್ಕ ಬಿಗಿಯಾಗಿತ್ತು: ಹುಲ್ಲೆಲ್ಲ ಒಣಗಿದೆ, ಆದ್ದರಿಂದ ಹಸಿರು ಎದ್ದು ಕಾಣಬೇಕು. ಜಂಗ್ಲಿಸಾಬ ಹಸಿರು ಬಳಿದು, ಅವನಿಗೇ ತೋಚಿತೋ ಯಾರಾದರೂ ಹೇಳಿದರೋ, ಮೇಲೆ ಸಣ್ಣ ಸಣ್ಣ ಬಿಳಿ ಗೆರೆಗಳನ್ನೂ ಎಳೆದುಕೊಟ್ಟ. ಈಶಪ್ಪನವರು ಹೊಡೆದ ಚೆಂಡು ನೇರ ಹೋಗಿ ಕಾಡು ಸೀತಾಫಲದ ಪೊದೆಗಳ ನಡುವೆ ಬಿತ್ತು. ಅಲ್ಲಿ ಗಿಡದ ಮೇಲೂ ನೆಲದ ಮೇಲೂ ಸೀತಾಫಲಗಳು. ಹಸಿರು ಮೈ, ಬಿಳಿ ಗೆರೆ. ಒಂದೂವರೆ ತಾಸಿನ ಮೇಲೆ "ಸಿಕ್ತು!" ಎಂದು ಕೂಗಿ, ಕೋಲೆತ್ತಿ, ಮೈಯಲ್ಲಿದ್ದ ಬಲವನ್ನೆಲ್ಲ ಕೂಡಿಸಿ ಬೀಸಿದರು. ಸೀತಾಫಲ ಚೆನ್ನಾಗಿ ಹಣ್ಣಾಗಿತ್ತು. ಕಡೆಗೆ ನಿಜವಾದ ಚೆಂಡನ್ನೂ ಹುಡುಕಿಕೊಂಡು ಮನೆಗೆ ಬಂದಾಗ ಅವರ ಮೀಸೆಯಿಂದ ಗೌರವ್ವ ನಾಲ್ಕು ಬೀಜ ಆರಿಸಿದಳು.

"ಮುಂದಿನ ವಾರ ಕಾವಿ ಬಣ್ಣ," ಎಂದಳು ಆರಿಸುತ್ತಲೇ. ಆ ವಾರವಷ್ಟೇ ಗುಡ್ಡದ ಮಗ್ಗುಲಲ್ಲಿ ರಸ್ತೆಗೆಂದು ಕೆಂಪು ಗರಸು ಮಣ್ಣು ತಂದು ಸುರುವಿದ್ದರು.

ಹೀಗೆ ದೀಪಾವಳಿ ಹತ್ತಿರ ಬಂತು. ಈಶಪ್ಪನವರ ಧೋತರದ ಗಂಟು ಮೂರು ಬೆರಳು ಒಳಗೆ ಸರಿದಿತ್ತು. ರೋಣದಲ್ಲಿ ಡಾಕ್ಟರು ನಳಿಕೆ ಕಾಯಿಸಿ ಬೆಳಕಿಗೆ ಹಿಡಿದು, "ಏನ್ ಸಾವ್ಕಾರ, ಇಟ್ಟಂಗಿ ಹೋಗಿ ನೀಲೀನ ಉಳಿದೈತಲ್ರಿ! ಎಷ್ಟು ನಡೀತೀರಿ ದಿನಾ?" ಎಂದು ಬೆರಗಾದರು.

ಆ ಸಂತೋಷದಲ್ಲಿ ಈಶಪ್ಪನವರು ಬಸ್ಸಿಳಿದವರೇ ಜಂಗ್ಲಿಸಾಬನ ಅಂಗಡಿಗೆ ಹೋಗಿ, ಚೆಂಡನ್ನು ಮುಂದಿಟ್ಟು, "ಈ ಕಾವಿ ತಗದು ಬ್ಯಾರೆ ಏನರ ಹಚ್ಚೋ" ಎಂದರು.

ಜಂಗ್ಲಿಸಾಬ ಅತ್ತಿತ್ತ ನೋಡಿದ. "ಗೌರವ್ವ ಬಾಯಾರಿಗೆ ಕೇಳೀರಿಲ್ರಿ?"

"ಅಕಿಗ್ಯಾಕ ಕೇಳೂದು?"

"ಅಲ್ರಿ, ಗುಡ್ಡದಾಗ ಈ ವಾರ ಯಾವ ಬಣ್ಣ ಭಾಳ ಐತಿ ಅಂತ ಅವರs ನೋಡಿ ಬಂದು ಹೇಳ್ತಾರ್ರಿ. ಅದs ಬಣ್ಣ ಹಚ್ಚಬೇಕ್ರಿ. ಸೀತಾಫಲಂತೂ ಒಂದು ಹಣ್ಣs ತಂದು ಕೊಟ್ಟು, ಇದರಂಗ ಗೆರಿ ಬರಲಿ ಅಂದ್ರು... ನಾ ಹೇಳಬಾರದಿತ್ತೇನ್ರಿ?"

ಈಶಪ್ಪನವರು ಅಲ್ಲೇ ಇದ್ದ ಬಂಡಿಯ ಮೂಕಿಯ ಮೇಲೆ ಕೂತುಬಿಟ್ಟರು. ಮೊದಲು ಸಿಟ್ಟು ಬಂತು. ಸಿಟ್ಟು ಅರ್ಧ ದಾರಿಯಲ್ಲಿದ್ದಾಗ ಡಾಕ್ಟರ ನೀಲಿ ನಳಿಕೆ ನೆನಪಾಯಿತು. ಆಹಾ! ಗಂಡ ಅರ್ಧ ತಾಸಿನ ಬದಲು ಎರಡು ತಾಸು ನಡೆಯಲೆಂದು, ಅವನ ಆಯುಷ್ಯ ಬೆಳೆಯಲೆಂದು, ಬಾಯಿಬಿಟ್ಟು ಒಂದು ಮಾತೂ ಹೇಳದೆ ವಾರವಾರ ಗುಡ್ಡ ಹತ್ತಿ ಇಳಿದಿದ್ದಾಳಲ್ಲ ಈ ಮಹಾಸತಿ! ಮೂವತ್ತು ವರ್ಷದ ಸಂಸಾರದಲ್ಲಿ ತಾನು ಇವಳನ್ನು ಅರಿಯಲೇ ಇಲ್ಲವಲ್ಲ! ಈ ಸಲ ಕಣ್ಣಿಗೆ ಎಣ್ಣೆ ತಾಗಿರಲಿಲ್ಲ.

"ಜಂಗ್ಲಿಸಾಬ," ಎಂದರು ಕಣ್ಣೊರೆಸಿಕೊಳ್ಳುತ್ತ, "ಗುಡ್ಡದಾಗ ಎಲ್ಲೂ ಇರಲಾರದ ಬಣ್ಣ ಯಾವುದೈತಿ?"

"ನಾಟಕದ ಪರದೀದು ರಾಣಿ ಬಣ್ಣ, ಕಡು ಗುಲಾಬಿ, ಉಳದೈತ್ರಿ. ಅರ್ಧ ಮೈಲಿನಿಂದ ಕಣ್ಣಿಗೆ ಚುಚ್ಚತೈತಿ."

"ಹಚ್ಚು. ಇನ್ನ ಅಕಿ ಕಷ್ಟ ಪಡೂದು ಸಾಕು. ಇನ್ನಮ್ಯಾಲೆ ಲಗೂ ಆಟ ಮುಗಿಸಿ, ಉಳದ ಹೊತ್ತೆಲ್ಲ ಅಕಿ ಮುಂದ ಕುಂತು ಕಳೀತೀನಿ."

ಮರುದಿನ ಸಂಜೆ ರಾಣಿ ಬಣ್ಣದ ಚೆಂಡು ಆಕಾಶಕ್ಕೆ ಹಾರಿತು. ಒಣಹುಲ್ಲಿನಲ್ಲಿ, ಹೊನ್ನಂಬರಿಯಲ್ಲಿ, ಗರಸಿನಲ್ಲಿ ಎಲ್ಲಿ ಬಿದ್ದರೂ "ಇಲ್ಲಿದ್ದೀನ್ರೋ" ಎಂದು ಕೂಗುವಂತೆ ಕಂಡಿತು. ಇಪ್ಪತ್ತು ನಿಮಿಷಕ್ಕೆ ಆಟ ಸಮಾಪ್ತಿ. ಈಶಪ್ಪನವರು ಪೇಟೆಯಲ್ಲಿ ಒಂದು ಮೊಳ ಮಲ್ಲಿಗೆ ಕೊಂಡು, ಅದನ್ನು ಟೋಪಿಯೊಳಗೆ ಬಚ್ಚಿಟ್ಟುಕೊಂಡು, ಹೊಸ ಮದುಮಗನಂತೆ ಸದ್ದಿಲ್ಲದೆ ಬಾಗಿಲು ನೂಕಿದರು.

ಮೊದಲು ಮೂಗಿಗೆ ಬಡಿದದ್ದು ಬಿಸಿ ಮಿರ್ಚಿ-ಭಜಿಯ ವಾಸನೆ. ಆಮೇಲೆ ಕಿವಿಗೆ ಬಡಿದದ್ದು ನಗು. ಪಡಸಾಲೆಯಲ್ಲಿ ಸುಣ್ಣದಿಂದ ಚೌಕಾಬಾರದ ಮನೆ ಬರೆದಿತ್ತು. ಒಂದು ಕಡೆ ನೆರೆಮನೆಯ ಸಿದ್ದವ್ವ, ಇನ್ನೊಂದು ಕಡೆ ಜಂಗ್ಲಿಸಾಬನ ಹೆಂಡತಿ ಮಾಬೂಬಿ ಕವಡೆ ಹಿಡಿದು ಕೂತಿದ್ದರು. ನಡುವೆ ಭಜಿಯ ಪರಾತ. ಗ್ರಾಮಫೋನು ತನ್ನ ಪಾಡಿಗೆ ಹಾಡುತ್ತಿತ್ತು. ಈಶಪ್ಪನವರ ಆರಾಮ ಕುರ್ಚಿಯಲ್ಲಿ, ಕಾಲು ಮೇಲೆ ಕಾಲು ಹಾಕಿ, ಗೌರವ್ವ.

"ಅಯ್ಯ! ಇಷ್ಟು ಲಗೂ ಚೆಂಡು ಸಿಕ್ತ?" ಎಂದಳು ಮಾಬೂಬಿ, ಸಾವಿನ ಸುದ್ದಿ ಕೇಳಿದವಳಂತೆ.

"ಮಳಿಗಾಲದಾಗೂ ಹಿಂಗs ಆಗ್ತಿತ್ತ ನೋಡವ್ವಾ," ಎಂದಳು ಸಿದ್ದವ್ವ, ಸೆರಗು ಸರಿಮಾಡಿಕೊಳ್ಳುತ್ತ. "ಆಟ ರಂಗಕ್ಕ ಬರೂದ್ರಾಗ ಬಂದುಬಿಡತಿದ್ರು. ಬಂದು ಕುಂತ್ರ ಮುಗೀತು. ದೀಪ ಸಣ್ಣದು ಮಾಡು, ಚಹಾ ದೊಡ್ಡದು ತಾ, ಹತ್ತಿ ಧಾರಣಿ ಹಿಂಗ, ನಿಮ್ಮ ಅಣ್ಣ ಹಂಗ... ಈ ಹದಿನೈದು ದಿನ ನಮ್ಮ ಗೌರವ್ವ ಎಷ್ಟು ಚಂದ ಮೈಕೈ ತುಂಬಿಕೊಂಡಿದ್ಳು!"

ಈಶಪ್ಪನವರಿಗೆ ಟೋಪಿಯನ್ನು ತೆಗೆಯುವ ಧೈರ್ಯ ಆಗಲಿಲ್ಲ. "ಮತ್ತ... ನನ್ನ ಸಕ್ಕರಿ ಸಲವಾಗಿ ಅಲ್ಲೇನು ನೀ ಬಣ್ಣ..." ಎಂದು ತೊದಲಿದರು.

"ಅದೂ ಒಂದೀಟು ಇತ್ರಿ," ಎಂದಳು ಗೌರವ್ವ ಪ್ರಾಮಾಣಿಕವಾಗಿ. ಕುರ್ಚಿಯಿಂದ ಎದ್ದು ಬಂದು, ಗಂಡನ ಕೈಯಿಂದ ಚೆಂಡು ತೆಗೆದುಕೊಂಡು, ಬೆಳಕಿಗೆ ಹಿಡಿದು ಡಾಕ್ಟರರಂತೆಯೇ ಪರೀಕ್ಷಿಸಿದಳು. "ಯಾರು ಆರಿಸಿದ್ರು ಈ ಬಣ್ಣ?"

"ನಾನs."

"ಅದಕ್ಕs ಹಿಂಗಾಗೇತಿ."

ಹಿತ್ತಲ ಬಾಗಿಲಿಗೆ ಹೋಗಿ, ಸೆರಗು ಸೊಂಟಕ್ಕೆ ಸಿಗಿಸಿ, ಕೈಬೀಸಿ ಎಸೆದಳು. ಈಶಪ್ಪನವರು ಕೋಲಿನಿಂದ ಎಂದೂ ಅಷ್ಟು ದೂರ ಹೊಡೆದಿರಲಿಲ್ಲ. ಚೆಂಡು ಗೋಡೆ ದಾಟಿ, ಬೇವಿನ ಮರ ದಾಟಿ, ನೇಕಾರರ ಬಯಲಿಗೆ ಹೋಗಿ ಬಿತ್ತು. ಅಲ್ಲಿ ದೀಪಾವಳಿಯ ಸೀರೆಗೆಂದು ಆಗತಾನೇ ಅದ್ದಿ ತೆಗೆದ ನೂಲಿನ ಲಡಿಗಳನ್ನು ನೆಲಕ್ಕೆ ತಾಗುವಂತೆ ಸಾಲುಸಾಲಾಗಿ ಒಣಹಾಕಿದ್ದರು. ನೂರಾರು ಲಡಿ, ಎಲ್ಲವೂ ರಾಣಿ ಬಣ್ಣ.

"ಹೋಗಿ ಬರ್ರಿ," ಎಂದಳು ಗೌರವ್ವ. "ಸಾವಕಾಶ ಹುಡುಕ್ರಿ, ಗಡಿಬಿಡಿ ಇಲ್ಲ. ಮಾಬೂಬಿ, ಕವಡಿ ಯಾರ ಕೈಯಾಗೈತಿ?"