ಬೇಕರಿ ಬಿಸಿ ಮಹಡಿ ಹತ್ತಿದ್ದು

ನೋಡಿ, ಕತೆ ಹೇಳುವುದರಲ್ಲಿ ನನ್ನನ್ನು ಮೀರಿಸುವವರು ಇನ್ನೂ ಹುಟ್ಟಿಲ್ಲ. ನಮ್ಮ ಕಟ್ಟಡದ ಸೆಕ್ರೆಟರಿಯಂಥ ಹೀರೋ ನಿಮ್ಮ ಬೀದಿಯಲ್ಲಂತೂ ಇಲ್ಲವೇ ಇಲ್ಲ. ಒಂದೇ ದಿನದಲ್ಲಿ ಇಡೀ ಕಟ್ಟಡದ ಸೆಖೆಯನ್ನು ಕತ್ತು ಹಿಡಿದು ಆಚೆ ದಬ್ಬಿದ ಗಂಡು ಅವನು!

ಕೆಳಗೆ ಬೇಕರಿ, ನಡುವೆ ಸೆಕ್ರೆಟರಿಯ ಮನೆ, ಮೇಲೆ ಬ್ಯೂಟಿ ಪಾರ್ಲರ್. ಬೇಕರಿಯ ಒಲೆ ಹೊತ್ತಿತೆಂದರೆ ಸೆಕ್ರೆಟರಿಯ ಮನೆಯ ನೆಲ ಕಾದ ಹೆಂಚು. ಬರಿಗಾಲಲ್ಲಿ ನಡೆದರೆ ಸಾಕು, ಡ್ಯಾನ್ಸ್ ಮಾಸ್ಟರೇ ಬೇಡ.

"ರೀ, ಸಂಜೆಯೊಳಗೆ ಮನೆ ತಣ್ಣಗಾಗ್ಲಿಲ್ಲ ಅಂದ್ರೆ ನಾನು ತವರಿಗೆ ಹೊರಟೆ!" ಎಂದಳು ಹೆಂಡತಿ.

ಆಗ ಎಂಟ್ರಿ ಕೊಟ್ಟ, ಹೊಸ ಮೆಷಿನ್ ಮಾರುವವನೊಬ್ಬ. "ಸಾರ್, ಕೂಲರ್ ಬೇರೆ, ಹೀಟರ್ ಬೇರೆ ಯಾಕೆ? ಈ ಒಂದೇ ಮೆಷಿನ್ ಬೇಕರಿ ಬಿಸಿನ ಎತ್ಕೊಂಡು ಹೋಗಿ ಪಾರ್ಲರ್‌ನಲ್ಲಿ ಬಿಡುತ್ತೆ. ಅವ್ರಿಗೆ ಬಿಸಿನೀರು, ನಿಮಗೆ ತಂಪು. ಕರೆಂಟೂ ಕಮ್ಮಿ. ಇವತ್ತು ಟ್ರಯಲ್ ನೋಡಿ."

"ಬಿಸಿ ಓಡೋದು ಕೇಳ್ಸುತ್ತಾ?" ಮೆಷಿನ್ ಕೂರಿಸಿದ್ದೇ ತಡ, ಸೆಕ್ರೆಟರಿ ಅದರ ಪೈಪಿಗೆ ಕಿವಿಯಿಟ್ಟ. ಕಿವಿ ಸುಟ್ಟಿತು. ಇನ್ನು ಅನುಮಾನವೇ ಇಲ್ಲ, ಇದೇ ಮೆಷಿನ್!

ಮಧ್ಯಾಹ್ನಕ್ಕೆ ಮನೆ ಸಿನಿಮಾ ಥಿಯೇಟರಿನಷ್ಟು ತಂಪು. ಹೆಂಡತಿ ನಕ್ಕಳು. ಸೆಕ್ರೆಟರಿ ಕಾಲರ್ ಎತ್ತಿದ.

ಅಷ್ಟರಲ್ಲಿ ಬೇಕರಿಯಣ್ಣ ನುಗ್ಗಿ ಬಂದ. "ಏನಯ್ಯಾ, ನನ್ನ ಅಂಗಡೀನ ಐಸ್ ಪೆಟ್ಟಿಗೆ ಮಾಡಿಟ್ಟಿದ್ದೀಯ! ಬೆಚ್ಚಗಿದ್ರೆ ತಾನೇ ಬ್ರೆಡ್ ಹಿಟ್ಟು ಉಬ್ಬೋದು? ಪರೀಕ್ಷೇಲಿ ಫೇಲಾದೋನ ಥರ ಬೋರಲು ಬಿದ್ದಿದೆ!"

ಹಿಂದೆಯೇ ಪಾರ್ಲರ್ ಅಕ್ಕ. "ನೀರು ಕಾದಾಯ್ತು, ಈಗ ರೂಮೇ ಕಾಯ್ತಿದೆ! ಮದುಮಗಳ ಮೇಕಪ್ ಕುತ್ತಿಗೆಗೆ ಇಳಿದಿದೆ. ಹೆತ್ತಮ್ಮನೇ 'ನೀವ್ಯಾರಮ್ಮಾ' ಅಂದ್ಲು!"

ಮೆಷಿನ್‌ನವನು ತಲೆ ಕೆರೆದುಕೊಂಡ. "ಉಳಿದ ಬಿಸಿಗೆ ಒಂದು ರೂಮ್ ಬೇಕೇಬೇಕು ಸಾರ್. ಯಾರಿಗಾದ್ರೂ ಬೇಕಾ?"

"ನನ್ನ ಹಿಟ್ಟಿಗೆ ಬೇಕು," ಎಂದ ಬೇಕರಿಯಣ್ಣ.

ಥಟ್ಟನೆ ಬಾಯಿ ಹಾಕಿದವಳು ಸೆಕ್ರೆಟರಿಯ ಹೆಂಡತಿ. "ಹಾಗಾದ್ರೆ ಹಿಟ್ಟು ನಮ್ಮನೇಲೇ ಉಬ್ಲಿ ಅಣ್ಣಾ, ಬಿಸಿನೂ ಇಲ್ಲಿಗೇ ಬಿಡಿ. ನಿಮ್ಮ ಕೌಂಟರಿಗೆ ನಾನು ಬಂದು ಕೂರ್ತೀನಿ. ಅಲ್ಲಿ ತಂಪಾಗಿದ್ಯಲ್ಲ!"

"ಲೇ, ಮತ್ತೆ ನಾನು?"

"ಹಿಟ್ಟಿನ ಹತ್ರ ಒಬ್ರು ಇರ್ಬೇಡ್ವಾ ರೀ?"

ಉಳಿದವರೆಲ್ಲ ಒಪ್ಪಿಗೆಯೆಂದು ಕೈ ಎತ್ತಿದರು.

ಸರಿ, ನಿಜ ಹೇಳಿಬಿಡುತ್ತೇನೆ. ಸೆಖೆ ಆಚೆ ಹೋಗಲೇ ಇಲ್ಲ. ಪೈಪೆಲ್ಲ ಸುತ್ತಿ ಸೆಕ್ರೆಟರಿಯ ನಡುಮನೆಯಲ್ಲೇ ಬಂದು ಕೂತಿದೆ. ಮಂಚದ ಮೇಲೆ ಹಿಟ್ಟು, ನೆಲದ ಮೇಲೆ ಬನಿಯನ್ನಿನಲ್ಲಿ ಅವನು. ಹೆಂಡತಿ ತವರಿಗೆ ಹೋಗಲಿಲ್ಲ, ಅಷ್ಟು ಮಾತ್ರ ಸತ್ಯ. ಕೆಳಗಿನಿಂದಲೇ ಕೂಗುತ್ತಿರುತ್ತಾಳೆ:

"ರೀ, ಕಿಟಕಿ ತೆಗ್ದುಬಿಟ್ಟೀರ, ಜೋಕೆ! ಗಾಳಿ ಬಂದ್ರೆ ಹಿಟ್ಟಿಗೆ ಶೀತ ಆಗುತ್ತೆ!"